ಲಲ್ಲಿ ‘ಬಿಡ್ತು’ ಅನ್ನಲಿಲ್ಲ

ಕಳೆದ ಗುರುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಾವು ಮೂರು ಜನ ಹೆಂಗಸರು ಒಂದೇ ಉಸಿರಿಗೆ ನನ್ನ ತಂಗಿ ಲಲ್ಲಿಗೆ ‘ಬಿಡ್ತು ಅನ್ನು’ ಅಂದೆವು. ಅಮ್ಮ, ಎದುರು ಮನೆಯ ವಿಮಲಮ್ಮ, ಮತ್ತು ನಾನು.

ಲಲ್ಲಿ ಅನ್ನಲಿಲ್ಲ.

(ಮೂಢನಂಬಿಕೆಗಳ ಮೇಲೆ ಇದೇ ಅಂಕಣದಲ್ಲಿ ಹೋದ ತಿಂಗಳು ಉದ್ದುದ್ದ ಭಾಷಣ ಬಿಗಿದವಳು ನಾನೇ. ಯಾರಾದರೂ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದರೆ ದಯವಿಟ್ಟು ಹರಿದು ಹಾಕಿ.)

ಲಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವಳು. ಮೊದಲ ಹೆರಿಗೆಗೆಂದು ಕೃಷ್ಣಮೂರ್ತಿಪುರಂನ ಅಮ್ಮನ ಮನೆಗೆ ಬಂದಿದ್ದಾಳೆ. ಒಂಬತ್ತು ತಿಂಗಳಿಗೆ ಬಿದ್ದು ಹತ್ತು ದಿನ ಆಗಿತ್ತು. ಗಂಡನಿಗೆ ಮಂಡ್ಯದಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಬೆಳಗಿನ ಟ್ರೇನು ಹಿಡಿಯುತ್ತಾನೆ. ನಾನು ಒಂಟಿಕೊಪ್ಪಲಿನಿಂದ ವಾರಕ್ಕೆರಡು ಸಲ ಮೊಪೆಡ್ ಹತ್ತಿ ಹೋಗಿ, ಎರಡು ಹೆತ್ತವಳ ಗತ್ತಿನಲ್ಲಿ ಅವಳಿಗೆ ಉಪದೇಶ ಮಾಡಿ ಬರುತ್ತಿದ್ದೆ. ಹೇಗೆ ಕೂರಬೇಕು, ಹೇಗೆ ಏಳಬೇಕು, ಪರಂಗಿ ಹಣ್ಣಿನ ಕಡೆ ಯಾಕೆ ತಿರುಗಿಯೂ ನೋಡಬಾರದು. ಅವಳು ಎಲ್ಲದಕ್ಕೂ ‘ಹೂಂ ಅಕ್ಕ’ ಅಂದು, ಎಲ್ಲವನ್ನೂ ಮರೆಯುತ್ತಿದ್ದಳು.

ಮರೆವು ಅಂದರೆ ಎಂಥ ಮರೆವು ಅಂತೀರಿ. ಒಲೆಯ ಮುಂದೆಯೇ ನಿಂತಿರುತ್ತಾಳೆ, ಹಾಲು ಉಕ್ಕಿ ಹರಿದು ಕಟ್ಟೆ ಇಳಿದಿರುತ್ತದೆ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಒಳಗೇ ಬಿಟ್ಟು ಬರುತ್ತಾಳೆ. ಒಮ್ಮೆ ಸಿಟಿ ಬಸ್ಸಿನಲ್ಲಿ ನನ್ನ ಮಗನನ್ನು ಕರೆದುಕೊಂಡು ಹೊರಟವಳು ಅವನನ್ನು ಸೀಟಿನಲ್ಲೇ ಬಿಟ್ಟು ಇಳಿದಿದ್ದಳು. (ಕಂಡಕ್ಟರು ಪುಣ್ಯಾತ್ಮ, ಕೂಗಿ ಕರೆದು ಕೊಟ್ಟ.) ನಮ್ಮ ಮನೆಯಲ್ಲಿ ಏನು ಕಳೆದರೂ ಮೊದಲು ಕೇಳುವುದು ಲಲ್ಲಿ ಎಲ್ಲಿದ್ದಳು ಅಂತ.

ಗುರುವಾರ ಅಮ್ಮನ ಹಿತ್ತಲಲ್ಲಿ ಸಂಡಿಗೆ ಇಡುವ ಕಾರ್ಯಕ್ರಮ. ಅಮ್ಮ ನಸುಕಿಗೇ ಎದ್ದು ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಹಿಟ್ಟು ಬೇಯಿಸಿದ್ದರು. ವಿಮಲಮ್ಮ ಸಹಾಯಕ್ಕೆ ಬಂದಿದ್ದರು. ನಾವು ಮೂವರೂ ಹಳೇ ಪಂಚೆ ಹಾಸಿ ಒಂದೊಂದೇ ಸಂಡಿಗೆ ಇಡುತ್ತಿದ್ದೆವು. ಬಸುರಿ ಬಗ್ಗಬಾರದಲ್ಲ, ಲಲ್ಲಿಗೆ ನೆರಳಲ್ಲಿ ಕುರ್ಚಿ ಹಾಕಿ, ಕೈಗೆ ಕೋಲು ಕೊಟ್ಟು, ಕಾಗೆ ಓಡಿಸುವ ಕೆಲಸ ಕೊಟ್ಟಿದ್ದೆವು. ಅದಕ್ಕಿಂತ ಸುಲಭದ ಕೆಲಸ ಇನ್ನೇನಿದೆ?

ಹತ್ತು ನಿಮಿಷ ಬಿಟ್ಟು ತಲೆ ಎತ್ತಿದರೆ ಎರಡು ಕಾಗೆ ಪಂಚೆಯ ಮೇಲೆಯೇ ಕೂತು ಊಟ ಮಾಡುತ್ತಿವೆ. ಕೋಲು ನೆಲದ ಮೇಲಿದೆ. ಲಲ್ಲಿ ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತಾ ಕೂತಿದ್ದಾಳೆ.

“ಲಲ್ಲೀ, ಎಲ್ಲಿದೆ ನಿನ್ನ ಗ್ಯಾನ?” ಅಮ್ಮ ರೇಗಿದರು.

“ಹೆತ್ತ ಮೇಲೆ ಮಗೂನ ಎಲ್ಲಿಟ್ಟೆ ಅಂತ ನಮ್ಮನ್ನೇ ಕೇಳ್ತಾಳೆ ನೋಡ್ತಿರಿ,” ಅಂದೆ ನಾನು. ವಿಮಲಮ್ಮ ನಕ್ಕರು. ನಾನೂ ನಕ್ಕೆ.

ಲಲ್ಲಿ ನಗಲಿಲ್ಲ. “ಅಮ್ಮಾ, ಬೆಳಿಗ್ಗೆಯಿಂದ ಮಗು ಸರಿಯಾಗಿ ಆಡ್ತಿಲ್ಲ,” ಅಂದಳು.

ಆಗಲೇ ನಾವು ಮೂವರೂ ಅಂದದ್ದು, ಬಿಡ್ತು ಅನ್ನು ಅಂತ.

ನಿಮ್ಮ ಮನೆಯಲ್ಲೂ ಅನ್ನುತ್ತೀರಲ್ಲ? ಕೆಟ್ಟ ಮಾತು ಬಾಯಿಂದ ಜಾರಿದರೆ ಕೂಡಲೇ ‘ಬಿಡ್ತು’ ಅಂದುಬಿಡಬೇಕು. ಅಂದರೆ ಆ ಮಾತು ರದ್ದು. ನಮ್ಮಲ್ಲಿ ದೀಪ ಆರಿಸುವ ಹಾಗಿಲ್ಲ, ದೊಡ್ಡದು ಮಾಡಬೇಕು. ‘ಹೋಗ್ತೀನಿ’ ಅನ್ನುವ ಹಾಗಿಲ್ಲ, ‘ಬರ್ತೀನಿ’ ಅನ್ನಬೇಕು. ಅಕ್ಕಿ ಡಬ್ಬ ಖಾಲಿಯಾದರೂ ಖಾಲಿ ಅನ್ನುವಂತಿಲ್ಲ. ಹೀಗೆ ಕೆಟ್ಟದ್ದಕ್ಕೆ ಹೆಸರೇ ಇಲ್ಲದ ಮನೆಯಲ್ಲಿ ತುಂಬು ಬಸುರಿಯೊಬ್ಬಳು ಎದ್ದು, ಮಗು ಆಡುತ್ತಿಲ್ಲ ಅನ್ನುವುದುಂಟೆ?

“ಬಿಡ್ತು ಅನ್ನೇ,” ಅಮ್ಮ ಇನ್ನೊಂದು ಸಲ ಹೇಳಿದರು.

“ಅನ್ನಲ್ಲಮ್ಮ,” ಅಂದಳು ಲಲ್ಲಿ. “ಅಂದ್ಬುಟ್ರೆ ನೀವು ಮತ್ತೆ ಸಂಡಿಗೆ ಇಡೋಕೆ ಶುರು ಮಾಡ್ತೀರ.”

ಅಮ್ಮ ಕೈಯಲ್ಲಿದ್ದ ಹಿಟ್ಟನ್ನು ಪಾತ್ರೆಗೆ ಹಾಕಿಬಿಟ್ಟರು. ಆಗ ರಂಗಕ್ಕೆ ಇಳಿದವಳು ನಾನು. ತಿಂಗಳು ತುಂಬುತ್ತಾ ಬಂದ ಹಾಗೆ ಹೊಟ್ಟೆಯಲ್ಲಿ ಜಾಗ ಸಾಲುವುದಿಲ್ಲ, ಆಟ ಕಮ್ಮಿ ಆಗುತ್ತದೆ, ನನಗೂ ಎರಡೂ ಸಲ ಹೀಗೇ ಆಗಿತ್ತು ಅಂತ ವಿವರಿಸಿದೆ. ಆಗಿತ್ತಾ? ದೇವರಾಣೆಗೂ ನನಗೆ ನೆನಪಿಲ್ಲ. ಹೇಳುವಾಗ ಮಾತ್ರ ಧ್ವನಿಯಲ್ಲಿ ಒಂದು ಚೂರೂ ಅನುಮಾನ ಇರಲಿಲ್ಲ. ವಿಮಲಮ್ಮ, ತಣ್ಣೀರು ಕುಡಿದು ಒಂದು ತುಂಡು ಬೆಲ್ಲ ತಿಂದು ಎಡಮಗ್ಗುಲಿಗೆ ಮಲಗಿದರೆ ಎದ್ದು ಕುಣಿಯುತ್ತೆ ನೋಡು ಅಂದರು.

ಲಲ್ಲಿ ವಾದ ಮಾಡಲಿಲ್ಲ. ನೀರು ಕುಡಿದಳು, ಬೆಲ್ಲ ತಿಂದಳು, ಒಳಗೆ ಹೋಗಿ ಮಲಗಿದಳು. ಅಮ್ಮ ಎರಡು ಸಲ ಎದ್ದು ಹೋಗಿ ಬಾಗಿಲಲ್ಲಿ ನಿಂತು ನೋಡಿ ಬಂದರು. ನಾನು ಏನು ಮಾಡಿದೆ? ಹೇಳಲು ನಾಚಿಕೆಯಾಗುತ್ತದೆ. ಹಿಟ್ಟು ಆರಿಹೋಗುತ್ತದೆ ಅಂತ ಸಂಡಿಗೆ ಇಟ್ಟೆ.

ಒಂದು ಗಂಟೆ ಹೊತ್ತು ಕಳೆದಿರಬಹುದು. ಲಲ್ಲಿ ಹಿತ್ತಲ ಬಾಗಿಲಿಗೆ ಬಂದಳು. ಸೀರೆ ಬದಲಾಯಿಸಿದ್ದಳು. ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಆಸ್ಪತ್ರೆ ಫೈಲು.

“ನಾನು ಡಾಕ್ಟರ ಹತ್ರ ಹೊರಟೆ. ಬರೋರು ಬನ್ನಿ.”

“ಸುಮ್ನೆ ಗಾಬರಿ ಬೀಳಬೇಡ ಕಣೆ,” ಅಂದೆ.

“ಗಾಬರಿ ಅಲ್ಲ ಅಕ್ಕ. ಕೇಳು ಇಲ್ಲಿ,” ಅಂದಳು. ನಿಂತಲ್ಲೇ ಹೇಳತೊಡಗಿದಳು. ಬೆಳಿಗ್ಗೆ ಕಾಫಿ ಕುಡಿದು ಕಾಲು ಗಂಟೆಗೆ ಬಲ ಪಕ್ಕೆಯ ಕೆಳಗೆ ಒದೆಯುತ್ತಂತೆ, ದಿನಾ. ಒಂಬತ್ತಕ್ಕೆ ವಿಮಲಮ್ಮನ ಯಜಮಾನರು ಸ್ಕೂಟರ್ ಒದ್ದು ಒದ್ದು ಸ್ಟಾರ್ಟ್ ಮಾಡುವಾಗ ಒಳಗೆ ಬೆಚ್ಚಿ ಬೀಳುತ್ತಂತೆ. ಊಟ ಆದ ಮೇಲೆ ಬಿಕ್ಕಳಿಕೆ, ಒಂದೇ ಜಾಗದಲ್ಲಿ ಸಣ್ಣಗೆ ಮಿಡಿದ ಹಾಗೆ. ಸಂಜೆ ಪೂರಾ ಹೊರಳಾಟ. ಹೋದ ವಾರದಿಂದ ಒದೆತ ಹೋಗಿ ದೂಕಿದ ಹಾಗೆ ಆಗಿದೆ, ಅದು ಸರಿಯೇ, ಡಾಕ್ಟರೂ ಹೇಳಿದ್ದರು. “ಆದ್ರೆ ಆಟದ ರೀತಿ ಬದಲಾಗಿತ್ತೇ ಹೊರತು ಆಟ ಕಮ್ಮಿ ಆಗಿರಲಿಲ್ಲ. ನಿನ್ನೆ ಸಂಜೆ ಕಮ್ಮಿ ಆಯ್ತು. ಇವತ್ತು ಕಾಫಿಗೂ ಇಲ್ಲ, ಸ್ಕೂಟರಿಗೂ ಇಲ್ಲ. ಈಗ ಒಂದು ಗಂಟೆ ಮಲಗಿ ಎಣಿಸಿದೆ. ಎರಡೇ ಸಲ. ಅದೂ ಮೆಲ್ಲಗೆ.”

ಒಲೆ ಮೇಲಿನ ಹಾಲು ಕಾಣದವಳು ಇವಳೇನಾ? ಕಣ್ಣಿಗೆ ಕಾಣದ ಮಗುವಿನ ದಿನಚರಿ ಗಂಟೆಗಂಟೆಗೂ ಇವಳಿಗೆ ಬಾಯಿಪಾಠ ಆದದ್ದು ಯಾವಾಗ?

ಅಮ್ಮ ಆಗಲೇ ಎದ್ದಿದ್ದರು. ಕೈ ತೊಳೆಯಲೂ ಇಲ್ಲ. ವಿಮಲಮ್ಮ ಬರಿಗಾಲಲ್ಲೇ ಮೂಲೆಯ ಆಟೋ ಸ್ಟ್ಯಾಂಡಿಗೆ ಓಡಿದರು.

ಆಸ್ಪತ್ರೆಯಲ್ಲಿ ಹೊಟ್ಟೆಗೆ ಬೆಲ್ಟು ಕಟ್ಟಿ, ಮಗುವಿನ ಎದೆಬಡಿತ ಬರೆಯುವ ಮೆಷೀನು ಹಚ್ಚಿದರು. ನರ್ಸು ಅಲ್ಲಿ ಒತ್ತಿ ಇಲ್ಲಿ ಒತ್ತಿ ಬಹಳ ಹೊತ್ತು ಹುಡುಕಿದರು. ಆಮೇಲೆ ಕೇಳಿಸಿತು, ದಡದಡ ದಡದಡ ಅಂತ. ನನಗೆ ಸಮಾಧಾನವಾಯಿತು. ನೋಡಿದ್ಯಾ, ಸುಮ್ನೆ ಹೆದರಿಸಿದೆ ಅನ್ನಬೇಕೆಂದು ಬಾಯಿ ತೆರೆದೆ. ಡಾಕ್ಟರಮ್ಮ ಮೆಷೀನಿಂದ ಬರುತ್ತಿದ್ದ ಕಾಗದವನ್ನು ಎಳೆದೆಳೆದು ನೋಡುತ್ತಿದ್ದರು. ಅವರ ಮುಖ ನೋಡಿ ಬಾಯಿ ಮುಚ್ಚಿದೆ.

ಸ್ಕ್ಯಾನಿಂಗ್ ಆಯಿತು. ಮಗುವಿನ ಸುತ್ತ ನೀರು ತೀರಾ ಕಮ್ಮಿಯಾಗಿದೆ, ಮಗು ಸುಸ್ತಾಗಿದೆ, ನೋವು ಬರಲಿ ಅಂತ ಕಾಯುವ ಹಾಗಿಲ್ಲ, ಈಗಲೇ ಆಪರೇಷನ್ ಮಾಡಿ ತೆಗೆಯೋಣ ಅಂದರು. ಲಲ್ಲಿ ಒಂದೇ ಪ್ರಶ್ನೆ ಕೇಳಿದಳು, “ತಡ ಆಗಿಲ್ಲ ಅಲ್ವಾ ಡಾಕ್ಟ್ರೇ?”

“ಇಲ್ಲ. ಈಗ ನಾವೂ ತಡ ಮಾಡೋದು ಬೇಡ,” ಅಂದರು ಅವರು.

ಆಪರೇಷನ್ ಥಿಯೇಟರಿನ ಹೊರಗೆ ಒಂದು ಕಬ್ಬಿಣದ ಬೆಂಚು. ಅಮ್ಮನ ಬೆರಳುಗಳ ಮೇಲೆ ಸಂಡಿಗೆ ಹಿಟ್ಟು ಒಣಗಿ ಬೆಳ್ಳಗಾಗಿತ್ತು. ಅದನ್ನು ಉಗುರಿನಲ್ಲಿ ಕೆರೆಯುತ್ತಾ ಕೂತಿದ್ದರು.

“ನಿನಗಿಂತ ಮುಂಚೆ ಒಂದಿತ್ತು ಕಣೆ,” ಅಂದರು.

ನನಗೆ ಅರ್ಥವಾಗಲಿಲ್ಲ. “ಏನಮ್ಮ?”

“ಗಂಡು ಮಗು. ಹೊಟ್ಟೇಲಿ ಎಂಟು ತಿಂಗಳು ತುಂಬಿತ್ತು. ಒಂದಿನ ಆಡೋದು ಕಮ್ಮಿ ಆಯ್ತು. ನಿಮ್ಮಜ್ಜಿಗೆ ಹೇಳ್ದೆ. ಬಿಡ್ತು ಅನ್ನು ಅಂದ್ರು. ಅಂದ್ಬುಟ್ಟೆ. ಆಮೇಲೆ ಇನ್ನೊಂದ್ಸಲ ಹೇಳೋಕೆ ಬಾಯೇ ಬರಲಿಲ್ಲ. ಮೂರನೇ ದಿನ ಕರ್ಕೊಂಡು ಹೋದ್ರು. ಅಷ್ಟೊತ್ತಿಗೆ ಏನೂ ಇರಲಿಲ್ಲ.”

“ಅಪ್ಪಂಗಾದ್ರೂ ಹೇಳಬಾರದಿತ್ತಾ?”

“ಅದನ್ನೆಲ್ಲ ಗಂಡಸ್ರ ಹತ್ರ ಹೇಳ್ತಿದ್ವಾ ಆಗ?” ಅಮ್ಮ ಬೆರಳು ಕೆರೆಯುವುದನ್ನು ನಿಲ್ಲಿಸಿದರು. “ಅಜ್ಜೀದು ತಪ್ಪು ಅನ್ನಲ್ಲ, ಅವ್ರಿಗೂ ಭಯವೇ. ಆದ್ರೆ ಇವತ್ತು ಅದೇ ಮಾತು ನನ್ನ ಬಾಯಲ್ಲೂ ಬಂತಲ್ಲ. ಇಷ್ಟೆಲ್ಲಾ ಆಗಿದ್ದೋಳ ಬಾಯಲ್ಲಿ.”

ಮೂವತ್ತೆಂಟು ವರ್ಷದಿಂದ ನಾನು ನನ್ನನ್ನು ಈ ಮನೆಯ ಹಿರಿಯ ಮಗು ಅಂದುಕೊಂಡಿದ್ದೆ. ಅಮ್ಮನ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಅಂದುಕೊಂಡಿದ್ದೆ. ಅವರ ಕೈ ಹಿಡಿದುಕೊಂಡೆ. ನನಗೆ ಅಳು ಬಂತು. ಅಮ್ಮ ಅಳಲಿಲ್ಲ, ಥಿಯೇಟರಿನ ಬಾಗಿಲನ್ನೇ ನೋಡುತ್ತಿದ್ದರು.

ಎರಡೂ ಮುಕ್ಕಾಲಿಗೆ ಒಳಗಿಂದ ಅಳುವ ಸದ್ದು ಬಂತು. ಸಣ್ಣ ದನಿ, ಆದರೆ ಬಿಡದೆ ಅಳುತ್ತಿತ್ತು. ಹೆಣ್ಣು. ಎರಡು ಕೆಜಿಗೆ ಸ್ವಲ್ಪ ಮೇಲೆ. ಎರಡು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು, ಈಗ ತಾಯಿಯ ಮಗ್ಗುಲಲ್ಲಿದೆ. ಹಾಲು ಕುಡಿಯುತ್ತಿದೆ, ಕಾಲು ಝಾಡಿಸುತ್ತಿದೆ, ಇಡೀ ವಾರ್ಡಿನ ನಿದ್ದೆ ಕೆಡಿಸುತ್ತಿದೆ.

ಡಾಕ್ಟರಮ್ಮ ಹೊರಬಂದು ಕೇಳಿದ್ದು, “ತಿಂಗಳು ತುಂಬಿದಾಗ ಆಟ ಕಮ್ಮಿ ಆಗುತ್ತೆ ಅಂತ ಅವರಿಗೆ ಯಾರು ಹೇಳಿದ್ದು?” ನಾನು ಗೋಡೆಯ ಮೇಲಿದ್ದ ಲಸಿಕೆ ಪೋಸ್ಟರನ್ನು ಬಹಳ ಆಸಕ್ತಿಯಿಂದ ಓದಿದೆ. ಅವರಿಗೆ ಅರ್ಥವಾಯಿತು ಅಂತ ಕಾಣುತ್ತದೆ. “ಕಮ್ಮಿ ಆಗಬಾರದು ಕಣ್ರೀ. ಒದೆಯೋದು ಹೋಗಿ ಹೊರಳೋದು ಬರಬಹುದು, ಅಷ್ಟೇ. ದಿನಾ ಆಡೋ ಮಗು ಇವತ್ತು ಯಾಕೋ ಬೇರೆ ಥರ ಇದೆ ಅಂತ ತಾಯಿಗೆ ಅನ್ನಿಸಿದ್ರೆ ಸಾಕು, ಬಂದುಬಿಡಿ. ನೀರು, ಬೆಲ್ಲ ಅಂತ ಕಾಯಬೇಡಿ. ಏನೂ ಇಲ್ಲ ಅಂತ ವಾಪಸ್ ಕಳಿಸೋಕೆ ನಮಗೇನೂ ಬೇಜಾರಿಲ್ಲ,” ಅಂದರು.

ಸಂಜೆ ಲಲ್ಲಿಗೆ ಪೂರ್ತಿ ಎಚ್ಚರವಾಯಿತು. ಮಗು ಹೇಗಿದೆ ಅಂತ ಕೇಳಿದಳು. ಆಮೇಲೆ ಕಣ್ಣು ದೊಡ್ಡದು ಮಾಡಿ, “ಅಯ್ಯೋ ಅಕ್ಕ, ಇವರಿಗೆ ಫೋನ್ ಮಾಡಿದ್ರಾ?” ಅಂದಳು. ಗಂಡನನ್ನು ಪೂರ್ತಿ ಮರೆತೇ ಬಿಟ್ಟಿದ್ದಳು. (ನಾವೂ ಮರೆತಿದ್ದೆವು. ವಿಮಲಮ್ಮ ನೆನಪಿಟ್ಟುಕೊಂಡು ಎಸ್‌ಟಿಡಿ ಬೂತಿಂದ ಅವನ ಆಫೀಸಿಗೆ ಫೋನ್ ಮಾಡಿದ್ದರು. ಅವನು ಆಗಲೇ ಶ್ರೀರಂಗಪಟ್ಟಣ ದಾಟಿದ್ದ.)

ನಾಲ್ಕು ದಿನದಿಂದ ನಾನು ಯೋಚಿಸುತ್ತಿರುವುದು ಅವಳ ಲೆಕ್ಕಾಚಾರದ ಬಗ್ಗೆ ಅಲ್ಲ. ಹೊಟ್ಟೆಯಲ್ಲಿ ಹೊತ್ತವಳಿಗೆ ಅಷ್ಟು ಗೊತ್ತಾಗುತ್ತದೆ, ನಮ್ಮಮ್ಮನಿಗೂ ಗೊತ್ತಾಗಿತ್ತು. ನಾನು ತಲೆಬಾಗುವುದು ಲಲ್ಲಿಯ ಆ ಇನ್ನೊಂದು ಗುಣಕ್ಕೆ. ಅಮ್ಮ ಗದರಿದರು, ಅಕ್ಕ ಉಪನ್ಯಾಸ ಕೊಟ್ಟಳು, ನೆರೆಯವರು ಬೆಲ್ಲ ಕೊಟ್ಟರು. ಹುಟ್ಟಿದಾಗಿನಿಂದ ಎಲ್ಲರೂ ಪೆದ್ದಿ ಅಂತಲೇ ಕರೆದ ಹುಡುಗಿ. ಅಷ್ಟು ಜನರ ಎದುರು ತನಗೆ ಗೊತ್ತಿದ್ದದ್ದು ಸುಳ್ಳಲ್ಲ ಅಂತ ನಿಂತಳಲ್ಲ, ಕೂಗಾಡದೆ, ಅಳದೆ. ಎರಡು ಹೆತ್ತ ನನಗೆ ಆ ಧೈರ್ಯ ಇರುತ್ತಿತ್ತಾ? ಅನುಮಾನ.

ನಿನ್ನೆ ಕೇಳಿಯೇಬಿಟ್ಟೆ. “ಅಷ್ಟು ಹಟ ಮಾಡಿ ಹೋಗಿ, ಏನೂ ಇಲ್ಲ ಅಂದುಬಿಟ್ಟಿದ್ರೆ? ನಾವೆಲ್ಲ ವರ್ಷಗಟ್ಟಲೆ ಆಡ್ಕೋತಿದ್ವಿ. ಅದರ ಭಯ ಆಗಲಿಲ್ವಾ?”

ಲಲ್ಲಿ ಮಗುವಿನ ಅಂಗಾಲನ್ನು ಬೆರಳಲ್ಲಿ ಸವರುತ್ತಾ ಹೇಳಿದಳು. “ದಾರಿ ಉದ್ದಕ್ಕೂ ಅದನ್ನೇ ಬೇಡ್ಕೋತಿದ್ದೆ ಅಕ್ಕ. ದೇವರೇ, ಎಲ್ಲರೂ ನನ್ನನ್ನ ಆಡ್ಕೊಂಡು ನಗೋ ಹಾಗೆ ಮಾಡಪ್ಪಾ ಅಂತ.”

ತಾಯಿಯಾಗುವವಳು ಹೇಳಿದ ಒಂದು ಮಾತನ್ನು ಕಿವಿಗೆ ಹಾಕಿಕೊಳ್ಳಲು ನಮ್ಮ ಮನೆಗೆ ಸುಮಾರು ನಲವತ್ತು ವರ್ಷ ಹಿಡಿಯಿತು, ನಿಮ್ಮ ಮನೆಗೆ ಎಷ್ಟು ಬೇಕು?