ಇಲ್ಲೇ ಬೀಳಲಿ ಎನ್ನುತ್ತಿದ್ದ ಸವಿತಕ್ಕ

ಕೆಲಸ ಅರ್ಧಕ್ಕೆ ನಿಂತು ಕಂಪ್ಯೂಟರಿನ ಪರದೆಯ ಮೇಲೆ ತಪ್ಪು ತೋರಿಸುವ ಕೆಂಪು ಸಾಲು ಬಂದರೆ ಬೇರೆಯವರು ಹಣೆ ಚಚ್ಚಿಕೊಳ್ಳುತ್ತಾರೆ. ಸವಿತಕ್ಕ ಮೇಜು ತಟ್ಟಿ ನಗುತ್ತಿದ್ದರು. ಜೊತೆ ಕೆಲಸಗಾರ ನಂದೀಶನಿಗೆ, "ಬಿತ್ತು ನೋಡ್ಲಾ! ಇಲ್ಲೇ ಬಿತ್ತು. ಟೀ ತರ್ಸು" ಎನ್ನುತ್ತಿದ್ದರು.

ಮಂಡ್ಯದಲ್ಲಿ ಬಿತ್ತನೆ ಬೀಜದ ಅಂಗಡಿಯೊಂದರ ಮೇಲಿನ ಕೋಣೆ ಅವರ ವರ್ಕ್‌ಶಾಪ್. ಬಸ್ ನಿಲ್ದಾಣಗಳಲ್ಲಿ ಊರಿನ ಹೆಸರು, ಬಸ್ಸು ಹೊರಡುವ ಸಮಯ ತೋರಿಸುವ ಬೋರ್ಡುಗಳನ್ನು ಅಲ್ಲಿ ಮಾಡುತ್ತಿದ್ದರು. ಎತ್ತರದ ಆಳು, ಕತ್ತಿನಲ್ಲಿ ಸದಾ ತೂಗುವ ಕನ್ನಡಕ, ಒರಟು ಮಾತು. ಬಂದವರಿಗೆ ಕೂರಿ ಎನ್ನುತ್ತಿರಲಿಲ್ಲ. ಕುರ್ಚಿಯ ಮೇಲಿನ ವೈರಿನ ಸುರುಳಿಯನ್ನು ಎತ್ತಿ ನೆಲಕ್ಕಿಟ್ಟರೆ ಕೂರಬಹುದು ಎಂದು ಅರ್ಥ.

ನಾನು ಅವರನ್ನು ಮೊದಲು ಕಂಡದ್ದು ವರದಿಗಾರನಾಗಿ. ಮಳವಳ್ಳಿಯಲ್ಲಿ ಅವರ ಮೊದಲ ಬೋರ್ಡು ಚಾಲೂ ಆದ ಮರುಬೆಳಿಗ್ಗೆ ನಿಲ್ದಾಣಕ್ಕೆ ಹೋಗಿದ್ದೆ. ಸಮಯದ ಅಂಕಿಗಳು ಸರಿಯಾಗಿದ್ದವು. ಊರಿನ ಹೆಸರಿರಬೇಕಾದಲ್ಲಿ ಖಾಲಿ ಚೌಕಗಳು ಸಾಲಾಗಿ ನಿಂತಿದ್ದವು.

"ಯಾವೂರ್ಲಾ ಇದು, ಇಟ್ಗೆ ಗೂಡಾ?" ಎಂದು ಒಬ್ಬ ಕೇಳಿದ.

"ನಿಮ್ಮತ್ತೆ ಊರು ಕಣ್ಲಾ, ಬಸ್ಸತ್ಕೋ ಓಗು" ಎಂದ ಇನ್ನೊಬ್ಬ.

ಕಾರಣ ಕೇಳಲು ಮಂಡ್ಯಕ್ಕೆ ಹೋದರೆ ಸವಿತಕ್ಕ ಸುತ್ತಿ ಬಳಸಲಿಲ್ಲ. "ಬರ್ಕೋ. ತಪ್ಪು ನಂದೇಯ" ಎಂದರು.

ನಾನು ಬರೆದುಕೊಂಡದ್ದು ಇಷ್ಟು. ಬೋರ್ಡಿನೊಳಗೆ ಪುಟ್ಟ ಕಂಪ್ಯೂಟರ್ ಇರುತ್ತದೆ. ಅದು ಏನಾದರೂ ಬರೆದುಕೊಳ್ಳುತ್ತಿರುವಾಗ ಕರೆಂಟು ಹೋದರೆ ಮೆಮೊರಿ ಕಾರ್ಡು ಹಾಳಾಗಬಹುದು. ಅದಕ್ಕೇ ತಂತ್ರಾಂಶವನ್ನೆಲ್ಲ ವರ್ಕ್‌ಶಾಪಿನಲ್ಲೇ ಒಂದು ಇಮೇಜಾಗಿ, ಎಂದರೆ ಕಾರ್ಡಿಗೆ ಇಡಿಯಾಗಿ ಇಳಿಸುವ ಒಂದೇ ಕಂತೆಯಾಗಿ ಕಟ್ಟಿ, ಓದಲು ಮಾತ್ರ ಬರುವಂತೆ ಬೀಗ ಹಾಕಿ ಕಳಿಸುತ್ತಾರೆ. ಆದರೆ ಕೆಲವು ತಂತ್ರಾಂಶಗಳನ್ನು ಕೂರಿಸಿದ ಮೇಲೆ ಮುಗಿಸಬೇಕಾದ ಸಣ್ಣ ಕೆಲಸವೊಂದು ಉಳಿದಿರುತ್ತದೆ. ಅದನ್ನು ಮಾಡಲು ಜೊತೆಗೊಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಡುವ ಆದೇಶಗಳ ಪಟ್ಟಿ, ಬರುತ್ತದೆ. ಕನ್ನಡ ಅಕ್ಷರಗಳನ್ನು ಬೋರ್ಡಿಗೆ ಪರಿಚಯಿಸುವ ಸ್ಕ್ರಿಪ್ಟ್ ವರ್ಕ್‌ಶಾಪಿನಲ್ಲಿ ಇಮೇಜ್ ಕಟ್ಟುವಾಗ ಓಡಲಿಲ್ಲ. ಬೋರ್ಡು ಮೊದಲ ಸಲ ಚಾಲೂ ಆದಾಗ ಮಾಡಿಕೊಳ್ಳಲಿ ಎಂದು ಅದನ್ನು ಮುಂದಕ್ಕೆ ಹಾಕಿದರು. ಬೀಗ ಹಾಕದ ಕಾರ್ಡಿನಲ್ಲಿ ಪರೀಕ್ಷಿಸಿದಾಗ ಬೋರ್ಡು ಅದನ್ನು ಮಾಡಿಕೊಂಡಿತು. ಮಳವಳ್ಳಿಗೆ ಹೋದದ್ದು ಬೀಗ ಹಾಕಿದ ಕಾರ್ಡು. ಅದರಲ್ಲಿ ಏನನ್ನೂ ಬರೆಯಲು ಬರುತ್ತಿರಲಿಲ್ಲ, ಅದಕ್ಕೇ ಅಕ್ಷರಗಳ ಜಾಗದಲ್ಲಿ ಚೌಕಗಳು ಬಂದವು.

"ಗಾರೆ ಮೆತ್ತಿ ಸುಣ್ಣ ಒಡ್ದಾದ್ಮೇಲೆ ಗೋಡೆ ಒಳಕ್ಕೆ ವೈರ್ ಎಳಿತೀನಿ ಅಂದಂಗಾಯ್ತು ನನ್ ಕತೆ" ಎಂದರು.

ಆಮೇಲೆ ಪೆನ್ನು ಕೆಳಗಿಡಲು ಹೇಳಿ ಇನ್ನೊಂದು ಸಂಗತಿ ತಿಳಿಸಿದರು. ಹಿಂದಿನ ಸಂಜೆ ಆ ನಿಲ್ದಾಣದಲ್ಲಿ ಅವರ ತಾಯಿ ಕಾಳಮ್ಮ ಇದ್ದರು. ಪೂರಿಗಾಲಿಯ ಕಾಳಮ್ಮ ಶಾಲೆ ಕಂಡವರಲ್ಲ. ಯಾರನ್ನೂ ಕೇಳದೆ, ತಾನೇ ಓದಿಕೊಂಡು ಬಸ್ಸು ಹತ್ತಬೇಕು ಎಂಬುದೊಂದೇ ಅವರ ಆಸೆ. ಮುಪ್ಪಿನಲ್ಲಿ ಮಗಳೇ ಕೂರಿಸಿಕೊಂಡು ಅಕ್ಷರ ಕಲಿಸಿದ್ದರು. ಮಳವಳ್ಳಿಯ ಕೆಲಸ ಹಿಡಿದದ್ದೂ ಅದಕ್ಕೇ. ಚೌಕಗಳನ್ನು ಕಂಡ ಕಾಳಮ್ಮ, ಬೋರ್ಡು ಕೆಟ್ಟಿದೆ ಎಂದುಕೊಳ್ಳಲಿಲ್ಲ. ಕಲಿತದ್ದು ತನಗೆ ಮರೆತುಹೋಯಿತು ಎಂದುಕೊಂಡರು. ನಾಚಿಕೆಗೆ ಯಾರನ್ನೂ ಕೇಳಲಿಲ್ಲ. ಬಸ್ಸಿನ ಹಣೆಯ ಮೇಲಿನ ಹೆಸರು ನೋಡುವ ಧೈರ್ಯವೂ ಬರಲಿಲ್ಲ. ಊರಿನ ಬಸ್ಸು ಅವರ ಎದುರಿಗೇ ಹೊರಟುಹೋಯಿತು.

"'ಕಲ್ತಿದ್ದೆಲ್ಲಾ ಓಯ್ತು ಕಣವ್ವ' ಅಂತ ಅತ್ಲು. ಇದ್ನ ಬರೀಬ್ಯಾಡ" ಎಂದರು ಸವಿತಕ್ಕ. ನಾನು ಬರೆಯಲಿಲ್ಲ. ಈಗ ಬರೆಯುತ್ತಿರುವುದು ಕಾಳಮ್ಮನ ಒಪ್ಪಿಗೆ ಪಡೆದು.

ಅಂದಿನಿಂದ ವರ್ಕ್‌ಶಾಪಿನಲ್ಲಿ ಒಂದು ಸ್ಕ್ರಿಪ್ಟ್ ಓಡದಿದ್ದರೂ ಇಡೀ ಕೆಲಸ ಅಲ್ಲೇ ನಿಲ್ಲುವಂತೆ ಮಾಡಿದರು. "ಇಲ್ಲೇ ಬೀಳ್ಲಿ, ಅಲ್ಲಿ ಬೀಳಾದ್ ಬ್ಯಾಡ." ಕೆಂಪು ಸಾಲು ಕಂಡಾಗಿನ ನಗು ಶುರುವಾದದ್ದೂ ಆಗಲೇ. ಇನ್ನೊಂದು ಪದ್ಧತಿಯೂ ಬಂತು. ಬೀಗ ಹಾಕಿದ ಕಾರ್ಡು ಹಾಕಿ ಬೋರ್ಡು ಹಚ್ಚಿ, ಎದುರಿಗೆ ಕಾಳಮ್ಮನನ್ನು ಕೂರಿಸುವುದು. ಅವರು ಎಲ್ಲ ಹೆಸರನ್ನೂ ಓದಿದ ಮೇಲಷ್ಟೇ ಬೋರ್ಡು ಮೆಟ್ಟಿಲಿಳಿಯುತ್ತಿತ್ತು.

"ಯಲಿ... ಯೂರು."

"ಬಿರ್ನೆ ಓದವ್ವ, ಬಸ್ಸು ಓಯ್ತದೆ."

"ಓಗ್ಲಿ ಬುಡು. ಬಸ್ಸೇನು ನಿಂದಾ? ಬೋಲ್ಡು ತಾನೆ ನಿಂದು!"

ತಮ್ಮನ್ನು ಕಾಡತೊಡಗಿದ್ದ ಹೊಟ್ಟೆನೋವನ್ನು ಮಾತ್ರ ಸವಿತಕ್ಕ ಮುಂದಕ್ಕೆ ಹಾಕಿದರು. "ಮದ್ದೂರಿನ್ ಬೋರ್ಡು ಓಗ್ಲಿ, ಆಮೇಲ್ ನೋಡನ ಬುಡು" ಎನ್ನುತ್ತಿದ್ದರು. ನಂದೀಶ ಬೈದ, ನಾನು ಹೇಳಿದೆ, ಕಾಳಮ್ಮ ಅತ್ತರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ವೈದ್ಯರಿಗೆ ಮಾಡಲು ಹೆಚ್ಚೇನೂ ಉಳಿದಿರಲಿಲ್ಲ.

ಕೊನೆಯ ಸಲ ನಂದೀಶನ ಜೊತೆ ನೋಡಲು ಹೋದಾಗ ಸವಿತಕ್ಕನ ದನಿ ಸಣ್ಣಗಾಗಿತ್ತು.

"ಮದ್ದೂರಿಂದು ಏನಾಯ್ತ್ಲಾ?"

"ಬಿತ್ತು ಅಕ್ಕ. ಅರ್ಧಕ್ಕೇ ನಿಂತದೆ."

"ಎಲ್ಲಿ ಬಿತ್ತು?"

"ನಮ್ಮಲ್ಲೇ ಅಕ್ಕ, ವರ್ಕ್‌ಶಾಪ್ನಲ್ಲೇ."

ಮೇಜು ತಟ್ಟುವಂತೆ ಮಂಚದ ಅಂಚನ್ನು ಬೆರಳಿನಿಂದ ತಟ್ಟಿದರು. "ಸರಿಮಾಡು. ಅವ್ವ ಓದಿದ್ಮೇಲೆ ಕಳ್ಸು" ಎಂದರು. ಅದೇ ವಾರ ತೀರಿಕೊಂಡರು.

ತಿಥಿ ಮುಗಿದ ಮೇಲೆ ನಂದೀಶ ಮದ್ದೂರಿನ ಬೋರ್ಡು ಮುಗಿಸಿದ. ನಾನೂ ಹೋಗಿದ್ದೆ. ಕಾಳಮ್ಮ ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ಕುರ್ಚಿಯ ಮೇಲಿನ ವೈರಿನ ಸುರುಳಿಯನ್ನು ತಾವೇ ಎತ್ತಿ ನೆಲಕ್ಕಿಟ್ಟು ಕೂತರು. ಒಂದೊಂದೇ ಅಕ್ಷರ ಕೂಡಿಸಿ ಮೇಲಿನಿಂದ ಕೆಳಗಿನವರೆಗೆ ಓದಿದರು. ಬಹಳ ಹೊತ್ತು ಹಿಡಿಯಿತು.

"ಎಲ್ಲಾ ಸರಿಯಾಗದೆ ಕಣಪ್ಪ, ಕಳ್ಸಿ" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಇಷ್ಟೊತ್ತು ಓದಿದ್ರೂ ಬಿರ್ನೆ ಓದವ್ವ ಅನ್ನೋಳಿಲ್ಲ."