ದೊಡ್ಡಕ್ಕನ ಸೊಂಟದ ಬೆಲ್ಟು

ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಕೆಲಸ ಎಂದರೆ ಕೇಳಿದವರು ಕಣ್ಣರಳಿಸುತ್ತಾರೆ. ಮಣ್ಣಾಂಗಟ್ಟಿ. ಬೆಳಗ್ಗೆ ಐದಕ್ಕೆ ನಿಂತರೆ ಮಧ್ಯಾಹ್ನ ಎರಡರವರೆಗೂ ನಿಂತೇ ಇರಬೇಕು. ಟ್ರೇ ಎತ್ತು, ಟ್ರೇ ಇಡು, ಶೂ ಬಿಚ್ಚಿ, ಕೈ ಚಾಚಿ, ಹಿಂದೆ ತಿರುಗಿ. ಮನೆಗೆ ಹೋದ ಮೇಲೂ ಬಾಯಿ ಅದನ್ನೇ ಹೇಳುತ್ತಿರುತ್ತದೆ. ಒಂದು ಸಲ ಊಟಕ್ಕೆ ಕೂರಲು ಬಂದ ಗಂಡನಿಗೆ 'ಜೇಬು ಖಾಲಿ ಮಾಡಿ' ಎಂದುಬಿಟ್ಟಿದ್ದೆ. ಅವರ ಜೇಬು ತುಂಬಿದ್ದಾದರೂ ಯಾವಾಗ, ಬಿಡಿ.

ಈ ಕೆಲಸವನ್ನು ನನಗೆ ಕಲಿಸಿದವಳು ದೊಡ್ಡಕ್ಕ. ಒಡಹುಟ್ಟಿದವಳೇನಲ್ಲ. ನಮ್ಮ ಲೈನಿನ ಹೆಂಗಸರಲ್ಲೆಲ್ಲ ಹಿರಿಯಳು, ಐವತ್ತೆರಡು ದಾಟಿದವಳು, ಹಾಗಾಗಿ ಎಲ್ಲರ ಬಾಯಲ್ಲೂ ದೊಡ್ಡಕ್ಕ. ಸೂಪರ್‌ವೈಸರ್ ಬೈಯುವಾಗಲೂ ದೊಡ್ಡಕ್ಕ ಎಂದೇ ಬೈಯುತ್ತಿದ್ದ. ನಾನು ಸೇರಿದ ಮೊದಲ ದಿನ ನನ್ನ ಕೈ ಹಿಡಿದು ತೋರಿಸಿದ್ದಳು.

"ಅಂಗೈಯಿಂದ ಅಲ್ಲ ಕಣೆ, ಕೈ ಹಿಂಬದಿಯಿಂದ ಮುಟ್ಟು. ಅಂಗೈ ತಾಗಿದ್ರೆ ಜನಕ್ಕೆ ಕಸಿವಿಸಿ ಆಗುತ್ತೆ. ಏನಾದ್ರೂ ಸಿಕ್ತಾ, ಜೋರಾಗಿ ಹೇಳಿಬಿಡು. ಹೊಟ್ಟೇಲಿ ಇಟ್ಕೊಂಡ್ರೆ ನಾಳೆ ನೀನೇ ಕಳ್ಳಿ ಆಗ್ತೀಯ."

ಅವಳ ಗಂಡ ದರ್ಜಿ. ಕಣ್ಣು ಮಂದವಾಗಿ ಅಂಗಡಿ ಮುಚ್ಚಿ ಆರು ವರ್ಷವಾಗಿತ್ತು. ಮಗಳು ಬೇರೆ ಊರಲ್ಲಿ ದುಡಿಯುತ್ತಿದ್ದಳು, ಮೊಮ್ಮಗಳು ಇವರ ಹತ್ತಿರವೇ ಬೆಳೆಯುತ್ತಿದ್ದಳು. ಮನೆ ನಡೆಯುತ್ತಿದ್ದದ್ದು ದೊಡ್ಡಕ್ಕನ ಸಂಬಳದಲ್ಲಿ. ನಮ್ಮಲ್ಲಿ ಹದಿನೈದು ವರ್ಷ ತುಂಬಿದರೆ ಪಿಂಚಣಿ, ಒಂದು ದಿನ ಕಡಿಮೆಯಾದರೂ ಇಲ್ಲ. ನಾನು ಹೇಳುತ್ತಿರುವ ಹೊತ್ತಿಗೆ ಅವಳಿಗೆ ಇನ್ನು ಎಂಟು ತಿಂಗಳು ಉಳಿದಿತ್ತು. ಇನ್ನೊಂದು ನಿಯಮವೂ ಇತ್ತು: ನಿಲ್ಲಲಾಗದವರಿಗೆ, ಭಾರ ಎತ್ತಲಾಗದವರಿಗೆ ಲೈನಿನಲ್ಲಿ ಜಾಗವಿಲ್ಲ. ಡಾಕ್ಟರ್ 'ಅನರ್ಹ' ಎಂದು ಬರೆದರೆ ಅವತ್ತೇ ಮನೆ.

ಕೆಲಸಕ್ಕೆ ಬರುವ ನಮಗೂ ತಪಾಸಣೆ ತಪ್ಪಿದ್ದಲ್ಲ. ಸಿಬ್ಬಂದಿ ಗೇಟಿನಲ್ಲಿ ಹೆಂಗಸರನ್ನು ಮುಟ್ಟಿ ನೋಡುವ ಪಾಳಿ ಹೆಚ್ಚಾಗಿ ನನ್ನದೇ. ಅದಕ್ಕೂ ಎರಡು ವರ್ಷ ಮೊದಲು ಒಂದು ಬೆಳಗ್ಗೆ ದೊಡ್ಡಕ್ಕನ ಸೊಂಟದ ಬಳಿ ನನ್ನ ಕೈ ನಿಂತಿತು. ಅಂಗಿಯ ಕೆಳಗೆ ಅಗಲವಾದ ದಪ್ಪ ಪಟ್ಟಿ, ಬೆನ್ನುನೋವಿನವರು ಕಟ್ಟಿಕೊಳ್ಳುವ ಬೆಲ್ಟು. ಅಂಥದ್ದರಲ್ಲಿ ಉಕ್ಕಿನ ಕಡ್ಡಿಗಳಿರುತ್ತವೆ, ಲೋಹ ಪತ್ತೆ ಮಾಡುವ ಬಾಗಿಲ ಚೌಕಟ್ಟು ಕೂಗಬೇಕಿತ್ತು. ಕೂಗಿರಲಿಲ್ಲ. ನಾನು ಅವಳ ಮುಖ ನೋಡಿದೆ, ಅವಳು ಗೋಡೆ ನೋಡುತ್ತಿದ್ದಳು.

"ಮುಂದಿನವರನ್ನ ಕರಿ, ಸಾಲು ಉದ್ದ ಇದೆ" ಎಂದಳು.

ಕರೆದೆ. ಅವತ್ತಿನಿಂದ ದಿನಾ ನನ್ನ ಕೈಗೆ ಆ ಬೆಲ್ಟು ತಾಗುತ್ತಿತ್ತು, ದಿನಾ ನಾನು 'ಸರಿ, ಹೋಗಿ' ಎನ್ನುತ್ತಿದ್ದೆ. ನಮ್ಮಿಬ್ಬರ ನಡುವೆ ಅದರ ಮಾತೇ ಏಳಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಆಗಾಗ ಅನ್ನಿಸುತ್ತಿತ್ತು. ಆದರೆ ಇನ್ನು ಉಳಿದಿರುವುದು ಎಂಟೇ ತಿಂಗಳಲ್ಲವೇ, ಕಳೆದುಹೋಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಆ ದಿನ ರಜೆಗಳು ಶುರುವಾಗುವ ಮುನ್ನಾದಿನ. ಸಾಲು ಮೆಟ್ಟಿಲವರೆಗೂ ಹೋಗಿತ್ತು. ಹನ್ನೊಂದರ ಹೊತ್ತಿಗೆ ನಮ್ಮ ಕಾಲುಗಳು ನಮ್ಮವಾಗಿರಲಿಲ್ಲ. ದೊಡ್ಡಕ್ಕ ಆಚೆ ತುದಿಯಲ್ಲಿ ಟ್ರೇಗಳನ್ನು ಎತ್ತಿ ಜೋಡಿಸುತ್ತಿದ್ದಳು. ಒಬ್ಬ ಪ್ರಯಾಣಿಕಳು ತನ್ನ ಸಾಮಾನು ಎತ್ತಿಕೊಂಡು ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು.

"ನನ್ನ ಉಂಗುರ ಎಲ್ಲಿ? ಟ್ರೇನಲ್ಲಿ ಇಟ್ಟಿದ್ದೆ."

ಹುಡುಕಿದೆವು. ಟ್ರೇ ಬೋರಲು ಹಾಕಿದೆವು, ರೋಲರುಗಳ ಕೆಳಗೆ ಬಗ್ಗಿ ನೋಡಿದೆವು. ಇಲ್ಲ. ಅವಳು ದೊಡ್ಡಕ್ಕನ ಕಡೆ ಬೆರಳು ತೋರಿಸಿದಳು. "ಆ ಟ್ರೇ ಎತ್ತಿದ್ದು ಇವರೇ. ಬೇರೆ ಯಾರೂ ಮುಟ್ಟಿಲ್ಲ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಲೈನಿನಲ್ಲಿದ್ದ ನಾವೆಲ್ಲ ನಮ್ಮ ನಮ್ಮ ಜೇಬು ಮುಟ್ಟಿಕೊಂಡೆವು. ದೊಡ್ಡಕ್ಕ ಮಾತ್ರ ಕೈಯಲ್ಲಿದ್ದ ಟ್ರೇಯನ್ನು ಕೆಳಗಿಟ್ಟು ನಿಂತಳು.

ಕ್ಯಾಮೆರಾದಲ್ಲಿ ಅವಳ ಬೆನ್ನು ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ. ಕಳವಿನ ದೂರು ಎಂದ ಮೇಲೆ ಪೊಲೀಸರನ್ನು ಕರೆಯಲೇಬೇಕು, ಅದು ಪದ್ಧತಿ. ಸೂಪರ್‌ವೈಸರ್ ಕರೆದ. ಒಬ್ಬ ಪೊಲೀಸಮ್ಮ ಬಂದಳು, ನಮ್ಮಷ್ಟೇ ಸುಸ್ತಾದ ಮುಖದವಳು. ಪರದೆಯ ಕೋಣೆಯಲ್ಲಿ ದೊಡ್ಡಕ್ಕನ ಮೈ ತಪಾಸಣೆ ಮಾಡಬೇಕು, ಮಾಡುವವಳು ಸಿಬ್ಬಂದಿಯವಳೇ ಆಗಿರಬೇಕು, ಪೊಲೀಸಮ್ಮ ಸಾಕ್ಷಿ, ಸೂಪರ್‌ವೈಸರ್ ಪರದೆಯ ಹೊರಗೆ. ಅವನು ಸುತ್ತ ನೋಡಿ ನನ್ನ ಕಡೆ ಕೈ ಮಾಡಿದ.

ಅತ್ತ ದರಿ, ಇತ್ತ ಪುಲಿ. ಸರಿಯಾಗಿ ನೋಡಿದರೆ ಬೆಲ್ಟು ಹೊರಬಂದು ಅವಳ ಕೆಲಸ ಹೋಗುತ್ತದೆ. ಮೇಲೆ ಮೇಲೆ ನೋಡಿದರೆ ನಾಳೆ ಇಡೀ ನಿಲ್ದಾಣ 'ಗೆಳತಿ ಬಿಟ್ಟುಬಿಟ್ಟಳು' ಎಂದು ಆಡಿಕೊಳ್ಳುತ್ತದೆ, ಅವಳ ಹೆಸರು ಹೋಗುತ್ತದೆ. ಆದರೂ ನಾನು ಮನಸ್ಸು ಮಾಡಿದ್ದೆ: ಎರಡು ವರ್ಷ ನುಂಗಿದವಳು ಇನ್ನೊಂದು ದಿನ ನುಂಗಬಾರದೇ. ದೊಡ್ಡಕ್ಕ ಶೂ ಬಿಚ್ಚಿ ಕೈ ಚಾಚಿ ನಿಂತಳು. ನಾನು ತೋಳು ನೋಡಿದೆ, ಕಾಲರ್ ನೋಡಿದೆ. ಏನೂ ಇಲ್ಲ ಎಂದೆ. ಕೈ ಸೊಂಟಕ್ಕೆ ಬಂತು.

ಇಲ್ಲಿ ನಾನು ಸುಳ್ಳು ಹೇಳಬಾರದು. ದಿನಾ ಮುಟ್ಟುತ್ತಿದ್ದ ಅದೇ ಬೆಲ್ಟು. ಆದರೆ ಅವತ್ತು ಕೈ ಅಲ್ಲಿಗೆ ಬಂದಾಗ ನನ್ನ ತಲೆಯಲ್ಲಿ ಒಂದೇ ಮಾತು ಬಂತು: ಉಂಗುರ ಬಚ್ಚಿಡಲು ಇದಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ಹನ್ನೊಂದು ವರ್ಷ ಜೊತೆಗೆ ಕೆಲಸ ಮಾಡಿದವಳ ಬಗ್ಗೆ ಹಾಗೆ ಅನ್ನಿಸಿತು. ಅನ್ನಿಸಿದ್ದು ಮನಸ್ಸಿಗೆ, ಆದರೆ ಆಡಿದ್ದು ಬಾಯಿ.

"ಸೊಂಟದಲ್ಲಿ ಬೆಲ್ಟಿದೆ. ಬಿಚ್ಚಿ ತೋರಿಸಿ."

ಜೋರಾಗಿಯೇ ಹೇಳಿದ್ದೆ. ಪರದೆಯ ಹೊರಗೆ ಸೂಪರ್‌ವೈಸರ್, "ಏನಂದ್ರಿ? ಏನು ಬೆಲ್ಟು?" ಎಂದ. ಮಾತು ಆಡಿದರೆ ಹೋಯಿತು.

"ಅಯ್ಯೋ, ಸೊಂಟದ ಬೆಲ್ಟಾ? ಅಷ್ಟೇನಾ?" ಎಂದಳು ಪೊಲೀಸಮ್ಮ ಮೆಲ್ಲಗೆ. "ನಾನೂ ಕಟ್ಕೊಂಡಿದೀನಿ ಕಣ್ರೀ. ಇದನ್ನೆಲ್ಲ ಬಾಯಿಬಿಟ್ಟು ಯಾಕೆ ಹೇಳೋಕೆ ಹೋದ್ರಿ?"

ದೊಡ್ಡಕ್ಕ ಬೆಲ್ಟು ಬಿಚ್ಚಿ ಮೇಜಿನ ಮೇಲಿಟ್ಟಳು. ನನಗೆ ಅಲ್ಲಿಗೆ ನಿಲ್ಲಿಸುವಷ್ಟು ನಾಚಿಕೆಯೂ ಇರಲಿಲ್ಲ, ಹೊಲಿಗೆಯ ಅಂಚನ್ನು ಒತ್ತಿ ಒತ್ತಿ ನೋಡಿದೆ. ಉಕ್ಕಿನ ಕಡ್ಡಿಗಳ ಜಾಗದಲ್ಲಿ ಶಾಲೆಯ ಮಕ್ಕಳ ಪ್ಲಾಸ್ಟಿಕ್ ಸ್ಕೇಲುಗಳನ್ನು ಕತ್ತರಿಸಿ ಒಳಗಿಟ್ಟು ಹೊಲಿದಿದ್ದರು. ಚೌಕಟ್ಟು ಯಾಕೆ ಕೂಗುತ್ತಿರಲಿಲ್ಲ ಎಂಬುದು ಆಗ ತಿಳಿಯಿತು. ಮಂದಗಣ್ಣಿನ ದರ್ಜಿಯ ಹೊಲಿಗೆ, ಆದರೂ ಗೆರೆ ಎಳೆದಷ್ಟು ನೇರ. ಉಂಗುರ ಇರಲಿಲ್ಲ.

ಬೆಲ್ಟಿಲ್ಲದೆ ಅವಳಿಗೆ ಬಗ್ಗಿ ಶೂ ಹಾಕಿಕೊಳ್ಳಲಾಗಲಿಲ್ಲ. ಪೊಲೀಸಮ್ಮನೇ ಕೂತು ಹಾಕಿದಳು. ನಾನು ನಿಂತಲ್ಲೇ ನಿಂತಿದ್ದೆ.

ಹತ್ತು ನಿಮಿಷಕ್ಕೆ ಉಂಗುರ ಸಿಕ್ಕಿತು. ಪ್ರಯಾಣಿಕಳು ಟ್ರೇಯಲ್ಲಿ ಮಡಚಿ ಇಟ್ಟಿದ್ದ ಸ್ವೆಟರನ್ನು ಹಾಕಿಕೊಳ್ಳಲು ಹೋದಾಗ ತೋಳಿನೊಳಗಿಂದ ಉರುಳಿ ಬಿತ್ತು. "ಸಾರಿ, ಸಾರಿ" ಎನ್ನುತ್ತ ವಿಮಾನಕ್ಕೆ ಓಡಿದಳು. ಅವಳ ದೂರು ಅವಳ ಜೊತೆಗೇ ಹಾರಿಹೋಯಿತು. ಆದರೆ ಪೊಲೀಸರು ಬಂದ ಮೇಲೆ ಕಾಗದ ಹುಟ್ಟುತ್ತದೆ, ಹುಟ್ಟಿದ ಕಾಗದ ಸಾಯುವುದಿಲ್ಲ. 'ಮೈಮೇಲೆ ಸಿಕ್ಕ ವಸ್ತುಗಳು' ಎಂಬ ಸಾಲಿನ ಮುಂದೆ ಬರೆಯಲೇಬೇಕಿತ್ತು. ನಾನೇ ಬರೆದೆ, ನಾನೇ ಸಹಿ ಹಾಕಿದೆ.

ಸೂಪರ್‌ವೈಸರ್ ಕೆಟ್ಟವನಲ್ಲ. "ನಾನು ಕೇಳಿಸ್ಕೊಳ್ಳದೇ ಇದ್ದಿದ್ರೆ ಚೆನ್ನಾಗಿತ್ತು" ಎಂದು ಅವನೂ ಪೇಚಾಡಿದ. ಮೂರನೆಯ ದಿನ ದೊಡ್ಡಕ್ಕನನ್ನು ಡಾಕ್ಟರ್ ಹತ್ತಿರ ಕಳಿಸಿದರು. ಬಗ್ಗಿ ಕಾಲಿನ ಬೆರಳು ಮುಟ್ಟಿ ಎಂದರಂತೆ. ಮೊಣಕಾಲಿನವರೆಗೆ ಹೋಗಿ ಅವಳ ಕೈ ನಿಂತಿತಂತೆ. ಅನರ್ಹ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಲೈನಿನಲ್ಲಿ ಎಲ್ಲರೂ ಮರುಗಿದರು, ನನ್ನ ಮುಖ ನೋಡದೆ.

ಒಂದು ತಿಂಗಳು ಅವಳ ಮನೆಗೆ ಹೋಗಲಿಲ್ಲ, ಹೋಗುವ ಧೈರ್ಯ ಬರಲಿಲ್ಲ. ಕೊನೆಗೆ ಒಂದು ಭಾನುವಾರ ಹೋದೆ. ಮೂರನೆಯ ಮಹಡಿ, ಎರಡು ಕೋಣೆ. ಗಂಡ ಕಿಟಕಿಯ ಬಳಿ ಮತ್ತೆ ಹೊಲಿಗೆ ಯಂತ್ರ ಹಾಕಿಕೊಂಡು ಕೂತಿದ್ದ, ಪಕ್ಕದಲ್ಲಿ ಮೊಮ್ಮಗಳು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ದೊಡ್ಡಕ್ಕ ಕುರ್ಚಿ ತೋರಿಸಿ ಚಹಾ ತಂದುಕೊಟ್ಟಳು. ಲೈನಿನ ಸುದ್ದಿ ಕೇಳಿದಳು, ಯಾರು ಪಾಳಿ ಬದಲಿಸಿದರು, ಯಾರ ಮಗುವಿಗೆ ಜ್ವರ. ನನಗೆ ತಡೆಯಲಾಗಲಿಲ್ಲ.

"ಅಕ್ಕ, ನನ್ನಿಂದ ನಿನ್ನ ಅನ್ನ ಹೋಯ್ತು."

"ಬಿಡೆ. ರೂಲ್ಸ್ ಪ್ರಕಾರ ಮಾಡಿದೆ. ಕಲಿಸಿದ್ದೇ ನಾನು." ತನ್ನ ಲೋಟವನ್ನು ಕೆಳಗಿಟ್ಟಳು. "ಒಂದೇ ಒಂದು ಕೇಳ್ತೀನಿ, ಇದ್ದದ್ದನ್ನ ಇದ್ದ ಹಾಗೆ ಹೇಳು. ಬಿಚ್ಚು ಅಂದ್ಯಲ್ಲ, ರೂಲ್ಸ್‌ಗೆ ಅಂದ್ಯೋ, ಇವಳೇ ತಗೊಂಡಿದಾಳೆ ಅಂತ ಅಂದ್ಯೋ?"

ರೂಲ್ಸ್‌ಗೆ ಅಕ್ಕ ಎಂದುಬಿಡಬಹುದಿತ್ತು. ದಾರಿಯುದ್ದಕ್ಕೂ ಅದನ್ನೇ ಹೇಳಬೇಕೆಂದು ಬಂದಿದ್ದೆ. ಬಸ್ಸಿನಲ್ಲಿ ಎರಡು ಸಲ ಹೇಳಿಯೂ ನೋಡಿಕೊಂಡಿದ್ದೆ.

"ಒಂದು ಗಳಿಗೆ ಹಾಗೆ ಅನ್ನಿಸ್ತು ಅಕ್ಕ" ಎಂದೆ. "ಒಂದೇ ಗಳಿಗೆ."

ಹೊಲಿಗೆ ಯಂತ್ರ ನಿಂತಿತು. ದೊಡ್ಡಕ್ಕ ತಲೆಯಾಡಿಸಿದಳು. ಸಿಟ್ಟು ಇರಲಿಲ್ಲ, ಅಳುವೂ ಇರಲಿಲ್ಲ. ಪಾಳಿ ಮುಗಿದಾಗ ಇರುತ್ತಿದ್ದ ಅದೇ ಸುಸ್ತು.

"ನಿಜ ಹೇಳಿದೆ, ಒಳ್ಳೇದಾಯ್ತು" ಎಂದಳು. "ಕೆಲಸ ಹೋಗಿದ್ದಕ್ಕೆ ನಂಗೆ ನಿನ್ನ ಮೇಲೆ ಏನೂ ಇಲ್ಲ ಕಣೆ. ಆದ್ರೆ ಇನ್ಮೇಲೆ ಮನೆಗೆ ಬರಬೇಡ. ಚಹಾ ಆರ್ತಿದೆ, ಕುಡಿದು ಹೋಗು."

ಕುಡಿದು ಹೊರಟೆ.