ಬಸಿದ ನೀರು ಚೆಲ್ಲಿದ ತಿರುಪತಮ್ಮ

ಮಾಗನೂರಿನ ತಿರುಪತಮ್ಮ ತನ್ನ ಅಡುಗೆಗೆ ಯಾರಾದರೂ ಕೊಂಕು ತೆಗೆದರೆ ಸುಮ್ಮನಿರುವ ಹೆಣ್ಣಲ್ಲ. ಅಂಥವಳು, ಕುರಿ ಕಾಯುವ ಗಂಡ ಮೊಗುಲಪ್ಪನ ಕಿಡ್ನಿಗಳು ಸೋತಿವೆಯೆಂದು ತಿಳಿದ ದಿನದಿಂದ ಒಲೆಯ ಮುಂದೆ ಪರೀಕ್ಷೆಗೆ ಕೂತವಳಂತಾದಳು. ರಕ್ತದಲ್ಲಿ ಪೊಟ್ಯಾಶಿಯಂ ಏರಿದರೆ ಎದೆಬಡಿತವೇ ನಿಂತೀತು, ಕಾಯಿಪಲ್ಲೆಯನ್ನು ಸಣ್ಣಗೆ ಹೆಚ್ಚಿ, ತುಂಬಾ ನೀರಿನಲ್ಲಿ ಕುದಿಸಿ, ಬಸಿದು ಕೊಡಬೇಕು ಎಂದು ನಾರಾಯಣಪೇಟೆಯ ಆಸ್ಪತ್ರೆಯಲ್ಲಿ ಹೇಳಿದ್ದರು. ಒಂದು ದಿನವೂ ಆಕೆ ತಪ್ಪಲಿಲ್ಲ. ಆದರೂ ಮುಂದಿನ ತಿಂಗಳು ರಿಪೋರ್ಟಿನಲ್ಲಿ, ಐದರ ಆಸುಪಾಸಿನಲ್ಲಿರಬೇಕಾದ ಪೊಟ್ಯಾಶಿಯಂ ಆರೂವರೆ ಬಂತು. ಅವನನ್ನು ಎರಡು ದಿನ ಅಲ್ಲೇ ಮಲಗಿಸಿಕೊಂಡರು.

"ಬಸಿದ ನೀರು ಏನ್ ಮಾಡಿದ್ರಿ ಅಮ್ಮಾ?" ನರ್ಸ್ ಸರಿತಾ ಕೇಳಿದಳು.

"ಚೆಲ್ಲಾಕ ಮನಸಾಗಲಿಲ್ರಿ. ಹುಣಸಿಹುಳಿ ಹಿಂಡಿ, ಬಳ್ಳೊಳ್ಳಿ ಒಗ್ಗರಣಿ ಕೊಟ್ಟು, ಸಾರು ಮಾಡಿ ಅವರಿಗೇ ಉಣಿಸೀನ್ರಿ. ಸತ್ವ ಎಲ್ಲಾ ಅದರಾಗೇ ಐತಲ್ರೀ?"

"ಪೊಟ್ಯಾಶಿಯಂನೂ ಅದರಾಗೇ ಐತಿ ಅಮ್ಮಾ."

ತಿರುಪತಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನಮ್ಮ ಸೀಮೆಯಲ್ಲಿ ಬೇಯಿಸಿದ ನೀರು ಚೆಲ್ಲುವವಳನ್ನು ಮನೆಹಾಳಿ ಅನ್ನುತ್ತಾರೆ. ಆ ಹೆಸರಿಗೆ ಹೆದರಿ ಆಕೆ ಗಂಡನ ಜೀವಕ್ಕೇ ಕುತ್ತು ತಂದಿದ್ದಳು. ಅತ್ತಳು, ಮೂಗು ಸೀಟಿಕೊಂಡಳು, ಅಷ್ಟೇ. ಮನೆಗೆ ಬಂದ ದಿನದಿಂದ ಬಸಿದ ನೀರು ಬಚ್ಚಲಿಗೆ ಹೋಯಿತು. ಅತ್ತೆ ಜಮ್ಮುಲಮ್ಮ ಗೊಣಗಿದಾಗ, "ಎಷ್ಟಾದ್ರೂ ಬೈರಿ ಅತ್ತಿ, ನಿಮ್ಮ ಮಗ ಉಳೀಲಿ" ಅಂದಳು.

ಎರಡು ತಿಂಗಳಿಗೆ ಲೆಕ್ಕ ಐದರ ಕೆಳಗಿಳಿಯಿತು. ಅಕ್ಷರ ಬಾರದಿದ್ದರೂ ಆಕೆಗೆ ಅಂಕಿ ಬರುತ್ತಿತ್ತು. ಊರಿಗೆ ಮರಳುವಾಗ ಮಕ್ತಲ್ ಬಸ್ಸಿನಲ್ಲಿ ಆ ರಿಪೋರ್ಟಿನ ಕಾಗದವನ್ನು ಗುರುತಿದ್ದವರಿಗೂ ಇಲ್ಲದವರಿಗೂ ತೋರಿಸಿದಳು. ತೋರಿಸಲಿ ಬಿಡಿ, ಮೈಮುರಿದು ಗಳಿಸಿದ್ದು!

ಆ ವರ್ಷ ಕುಲದೇವರು ಬೀರಪ್ಪನ ಪೂಜೆ ಬಂತು. ಒಡೆದ ಕಾಯಿಯ ನೀರನ್ನು ಮೊದಲು ಮನೆಯ ಯಜಮಾನನೇ ಕುಡಿಯಬೇಕು, ಆಮೇಲೆ ಉಳಿದವರು. ಪೂಜಾರಿ ಬಾಲಯ್ಯ ತುಂಬಿದ ಚೊಂಬನ್ನು ಮೊಗುಲಪ್ಪನ ಮುಂದೆ ಹಿಡಿದ. ಮೊಗುಲಪ್ಪನ ಕೈ ಮೇಲೆದ್ದಿತ್ತು. ಪೊಟ್ಯಾಶಿಯಂ ತುಂಬಿದ ಎಳನೀರು, ಕಾಯಿನೀರು ಎರಡೂ ಅವನಿಗೆ ವಿಷವೆಂದು ಸರಿತಾ ಎಚ್ಚರಿಸಿದ್ದು ತಿರುಪತಮ್ಮನಿಗೆ ನೆನಪಾಯಿತು. ಹೆಂಗಸರ ಸಾಲಿನಿಂದ ಸರ್ರನೆ ಬಂದು ಅಡ್ಡ ನಿಂತಳು.

"ಅವರಿಗಿದು ಆಗಂಗಿಲ್ಲ ಮಾವಾ. ಅವರ ಪಾಲಿಂದು ನಾ ಕುಡೀತೀನಿ."

ಡೊಳ್ಳು ನಿಂತಿತು. ಗಂಡಸರೆಲ್ಲ ಮೊಗುಲಪ್ಪನ ಮುಖ ನೋಡಿದರು.

"ಆಕಿಗೇ ಕೊಡ್ರಿ ಮಾವಾ," ಅಂದ ಮೊಗುಲಪ್ಪ. "ನಮ್ಮನಿ ಯಜಮಾನಿ ಆಕಿನ."

ತಿರುಪತಮ್ಮ ಸೆರಗು ಸರಿಮಾಡಿಕೊಂಡು, ಇಡೀ ಕುಲದವರ ಎದುರು, ಚೊಂಬೆತ್ತಿ ಗಟಗಟ ಕುಡಿದಳು.